ಗುರಿ ಯಾವ ವಾರ ನಿಂತಿತು ಅಂತ ಮೊದಲು ಹುಡುಕಿ

ನನ್ನ ಹತ್ತಿರ ಐದು ಡೈರಿಗಳಿವೆ. ಎಲ್ಲವೂ ಜನವರಿಯಲ್ಲಿ ಪುಕ್ಕಟೆ ಸಿಕ್ಕಿದವು. ಐದರದ್ದೂ ಮೊದಲ ಪುಟದಲ್ಲಿ ‘ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್’ ಅಂತ ಬರೆದಿದೆ. ಅಕ್ಷರ ಮಾತ್ರ ವರ್ಷದಿಂದ ವರ್ಷಕ್ಕೆ ಕೆಟ್ಟಿದೆ. ಹೋದ ವರ್ಷ ಆಟಿಯಲ್ಲಿ, ಅಂದರೆ ನಮ್ಮ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಒಂದು ಭಾನುವಾರ, ಹೊರಗೆ ಕಾಲಿಡಲಾಗದ ಮಳೆ, ಕರೆಂಟೂ ಇಲ್ಲ, ಮಾಡಲು ಬೇರೆ ಎಂತದೂ ಇಲ್ಲದೆ ಐದನ್ನೂ ಒಟ್ಟಿಗೆ ತೆರೆದು ಕೂತೆ. ನೋಡಿದರೆ ಒಂದೇ ಗುರಿಯನ್ನು ಐದು ಸಲ ಕಾಪಿ ಮಾಡಿಕೊಂಡು ಬಂದಿದ್ದೇನೆ. ಒಂದು ಸಲವೂ ಹಿಂದಿನ ಡೈರಿ ತೆರೆದು ನೋಡಿರಲಿಲ್ಲ.

ಹಾಗೆ ತೆರೆದು ನೋಡುವುದು ಹೇಗೆ ಅಂತ ಬರೆಯುತ್ತಿದ್ದೇನೆ. ನಾನು ಉಡುಪಿಯ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಮನಸ್ಸಿನ ಶಾಸ್ತ್ರ ಓದಿದವನಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಯಾವ ಪುಟದಲ್ಲಿ ತಪ್ಪಿತು ಅಂತ ಹುಡುಕುವ ಅಭ್ಯಾಸ ಉಂಟು.

ಮೊದಲನೆಯದಾಗಿ, ಡಿಸೆಂಬರ್ 31ರ ರಾತ್ರಿ ಈ ಕೆಲಸಕ್ಕೆ ಕೂರಬೇಡಿ. ನಮ್ಮ ಕಡೆ ಆ ಹೊತ್ತಿಗೆ ಒಂದು ಕಡೆ ಯಕ್ಷಗಾನ ಮೇಳಗಳ ತಿರುಗಾಟ, ಇನ್ನೊಂದು ಕಡೆ ದೈವಗಳ ಕೋಲ, ನೇಮ, ಮತ್ತೆ ಮದುವೆ, ಗೃಹಪ್ರವೇಶ. ಯಾರಿಗೆ ಪುರುಸೊತ್ತು? ಆಟಿ ಒಳ್ಳೆಯದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಶುಭ ಕಾರ್ಯ ಇಲ್ಲ, ಯಾರೂ ಕರೆಯುವುದಿಲ್ಲ. ನಮ್ಮ ಮಲ್ಪೆ ಬಂದರಿನಲ್ಲಿ ನೋಡಿ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ. ಬಲೆ ರಿಪೇರಿ ಆಗುವುದು ಆವಾಗಲೇ. ಬಲೆಯನ್ನು ಹರಡಿಕೊಂಡು ಎಲ್ಲಿ ಹರಿದಿದೆ ಅಂತ ಕೈಯಲ್ಲಿ ತಡಕಿ ನೋಡುತ್ತಾರೆ, ಅಷ್ಟನ್ನು ಕಟ್ಟುತ್ತಾರೆ. ಇಡೀ ಬಲೆಗೆ ಬೈಯುತ್ತಾ ಕೂರುವವರನ್ನು ನಾನು ನೋಡಿಲ್ಲ.

ಕೂತ ಮೇಲೆ ಮಾಡಬೇಕಾದ್ದು ಇಷ್ಟು. ಒಂದು ಹಾಳೆಯಲ್ಲಿ ಹೋದ ವರ್ಷದ ಒಂದೊಂದು ಗುರಿಯ ಮುಂದೆ, ‘ಇದನ್ನು ಎಷ್ಟು ದಿನ ಮಾಡಿದೆ’ ಅಂತ ನೆನಪಿನಿಂದಲೇ ಬರೆಯಿರಿ. ಆಮೇಲೆ ಸಾಕ್ಷಿ ಹುಡುಕಿ. ಪಾಸ್‌ಬುಕ್, ಫೋನಿನ ಹೆಜ್ಜೆ ಲೆಕ್ಕ, ಗೂಗಲ್ ಪೇಯಲ್ಲಿ ಕಟ್ಟಿದ ಫೀಸು, ಫೋಟೊ ಗ್ಯಾಲರಿ, ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್, ಏನಿದೆಯೋ ಅದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಾನು ವಾಕಿಂಗ್ ಮುಂದೆ ‘ಮೂರು ವಾರ’ ಅಂತ ಬರೆದಿದ್ದೆ. ಡೈರಿಯ ಟಿಕ್ ಮಾರ್ಕ್ ಎಣಿಸಿದರೆ ಎರಡು ತಿಂಗಳ ಮೇಲೆ ನಡೆದಿದ್ದೇನೆ! ಐದು ವರ್ಷ ನನ್ನನ್ನು ನಾನೇ ಸೋಮಾರಿ ಅಂತ ಬೈದುಕೊಂಡದ್ದು ಸುಮ್ನೆ.

ನೆನಪು ಹೀಗೆ ಮೋಸ ಮಾಡುವುದಕ್ಕೆ ಕಾರಣ ಉಂಟು. ಫಲಿತಾಂಶ ಗೊತ್ತಾದ ಮೇಲೆ ‘ಇದು ಹೀಗೇ ಆಗುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು’ ಅಂತ ನಮಗೆ ಅನಿಸಲು ಶುರುವಾಗುತ್ತದೆ. ಬಾರೂಕ್ ಫಿಶ್‌ಹಾಫ್ ಅನ್ನುವ ಮನಃಶಾಸ್ತ್ರಜ್ಞರು 1975ರಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದಾರೆ. ಕ್ರಿಕೆಟ್ ಮ್ಯಾಚ್ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಜ್ಯೋತಿಷಿಗಳೇ ಅಲ್ವಾ, ಅದೇ ಸಂಗತಿ. ಹಾಗಾಗಿ ನೆನಪಿನ ಮೇಲೆ ತೀರ್ಪು ಕೊಡಬೇಡಿ.

ಇನ್ನು ಮುಖ್ಯ ಕೆಲಸ. ‘ಆಯಿತಾ, ಆಗಲಿಲ್ಲವಾ’ ಅಂತ ಕೇಳಿದರೆ ಏನೂ ಸಿಗುವುದಿಲ್ಲ. ‘ಯಾವ ವಾರ ನಿಂತಿತು, ಆ ವಾರ ಮನೆಯಲ್ಲಿ, ಆಫೀಸಿನಲ್ಲಿ, ಊರಿನಲ್ಲಿ ಎಂತ ನಡೆಯುತ್ತಿತ್ತು’ ಅಂತ ಕೇಳಿ. ನನ್ನ ಐದು ಡೈರಿಗಳಲ್ಲಿ ನಾಲ್ಕರಲ್ಲಿ ಟಿಕ್ ನಿಂತದ್ದು ಮಾರ್ಚ್ ಎರಡನೇ ವಾರ. ಲೆಕ್ಕದ ಕೆಲಸದವರಿಗೆ ಹೇಳಬೇಕಾಗಿಲ್ಲ, ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಆ ತಿಂಗಳು ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ. ಬೆಳಿಗ್ಗೆ ಐದೂವರೆಗೆ ಯಾರು ಏಳುತ್ತಾರೆ? ಏಪ್ರಿಲಿನಲ್ಲಿ ಮತ್ತೆ ಶುರು ಮಾಡೋಣ ಅಂದರೆ ಬೆವರು, ಮೇಯಲ್ಲಿ ಮದುವೆ, ಜೂನ್‌ನಿಂದ ಮಳೆ. ಜನವರಿಯಲ್ಲಿ ಶುರು ಮಾಡಿದ್ದೇ ತಪ್ಪು. ಮೊದಲ ವರ್ಷವೇ ಆ ವಾರ ಹುಡುಕಿದ್ದರೆ ನಾಲ್ಕು ವರ್ಷ ಉಳಿಯುತ್ತಿತ್ತು.

ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುತ್ತಾಳೆ. ದಿನಾ ಕಟ್ಟಿದ ಹೂ ಎಷ್ಟು ಚೆಂಡು ಆಯಿತು, ಅಟ್ಟೆಗೆ ಎಷ್ಟು ರೇಟು ಸಿಕ್ಕಿತು ಅಂತ ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಬರೆಯುತ್ತಾಳೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನನ್ನ ದೊಡ್ಡ ಸಂಶೋಧನೆ ಕೇಳಿ ಅವಳಿಗೆ ನಗು. “ಎಂತ ಮಾರಾಯ, ಹೋದ ವರ್ಷ ಇದೇ ವಾರ ಎಷ್ಟು ಹೂ ಇತ್ತು ಅಂತ ನೋಡದೆ, ಈ ವರ್ಷ ಜಾಸ್ತಿ ಆಯ್ತಾ ಕಡಿಮೆ ಆಯ್ತಾ ಅಂತ ಹೇಗೆ ಹೇಳ್ತಿ ನೀನು? ಮಳೆಗಾಲದಲ್ಲಿ ಹೂ ಕಡಿಮೆಯಾದರೆ ಗಿಡಕ್ಕೆ ಬೈತೇವಾ?” ನಾನು ಸುಮ್ಮನೆ ಚಾ ಕುಡಿದೆ.

ನಿಂತ ವಾರ ಸಿಕ್ಕಿದ ಮೇಲೆ ಕಾರಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಎಲ್ಲಕ್ಕೂ ಒಂದೇ ಮದ್ದು ಕೊಡಬೇಡಿ. ವಾಕಿಂಗಿನದ್ದು ಕಾಲದ ತಪ್ಪು, ಕಾಲ ಬದಲಿಸಿದರೆ ಆಯಿತು. ಉಳಿತಾಯದ್ದು ಹಾಗಲ್ಲ. ತಿಂಗಳಿಗೆ 3,000 ರೂಪಾಯಿಯಂತೆ ವರ್ಷಕ್ಕೆ 36,000 ಆಗಬೇಕಿತ್ತು, 27,000ಕ್ಕೆ ನಿಂತಿತು. ಜುಲೈಯಲ್ಲಿ ಹಿತ್ತಲಿನ ಕೆಂಪುಕಲ್ಲಿನ ಗೋಡೆ ಮಳೆಗೆ ಕುಸಿದು ಮೂರು ತಿಂಗಳ ಕಂತು ಅದಕ್ಕೆ ಹೋಯಿತು. ಇದರಲ್ಲಿ ನನ್ನ ಸೋಮಾರಿತನ ಏನೂ ಇಲ್ಲ, ಮುಂದಿನ ವರ್ಷವೂ ಅದೇ 3,000 ಇಡಬಹುದು. ಆದರೆ ಇಷ್ಟು ಮಳೆ ಬರುವ ಊರಿನಲ್ಲಿ ಮನೆ ಇಟ್ಟುಕೊಂಡು ಮಳೆಗಾಲದ ರಿಪೇರಿಗೆ ಬೇರೆ ದುಡ್ಡು ಇಡದಿದ್ದದ್ದು ನನ್ನದೇ ತಪ್ಪು. ಅದು ಹೊಸ ಪಟ್ಟಿಗೆ ಸೇರಿತು.

ಮತ್ತೆ ಚೆಂಡೆ. ಇದನ್ನು ಹೇಳಲು ಸ್ವಲ್ಪ ನಾಚಿಕೆ. ಚೆಂಡೆ ಕಲಿಯಬೇಕು ಅಂತ ಎರಡು ವರ್ಷ ಬರೆದಿದ್ದೆ, ಫೀಸು ಕಟ್ಟಿ ನಾಲ್ಕು ಕ್ಲಾಸಿಗೆ ಹೋಗಿದ್ದೆ. ಯಾಕೆ ನಿಂತಿತು ಅಂತ ನೋಡಿದರೆ ಆ ವಾರ ಏನೂ ಆಗಿರಲಿಲ್ಲ. ಮಳೆ ಇಲ್ಲ, ಆಫೀಸಿನ ಕೆಲಸ ಇಲ್ಲ, ಜ್ವರವೂ ಇಲ್ಲ. ಸುಮ್ನೆ ಹೋಗಲಿಲ್ಲ, ಅಷ್ಟೇ. ನಿಜ ಹೇಳಬೇಕಾದರೆ ನನಗೆ ಬೇಕಾದ್ದು ಯಕ್ಷಗಾನದ ಆಟದ ಮುಂದೆ ಕುರ್ಚಿ ಹಾಕಿಕೊಂಡು ಬೆಳಗಿನವರೆಗೆ ಕೂರುವುದು, ಬಾರಿಸುವುದು ಅಲ್ಲ. ನಿಲ್ಲಲು ಕಾರಣವೇ ಸಿಗದ ಗುರಿ ಇದ್ದರೆ ಅದು ನಿಮ್ಮದು ಹೌದಾ ಅಂತ ಒಮ್ಮೆ ಕೇಳಿಕೊಳ್ಳಿ, ಅಲ್ಲ ಅನಿಸಿದರೆ ಹೊಡೆದು ಹಾಕಿ. ಚೆಂಡೆಯ ಕೋಲು ಪಕ್ಕದ ಮನೆಯ ಹುಡುಗನಿಗೆ ಹೋಯಿತು. ಅವನು ಈಗ ದಿನಾ ನಮ್ಮ ಕಿವಿ ಪರೀಕ್ಷೆ ಮಾಡುತ್ತಾನೆ.

ಆದ ಗುರಿಗಳನ್ನೂ ಬಿಡಬೇಡಿ. ಹೆಚ್ಚಿನವರು ಅದಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಯಾಕೆ ಆಯಿತು ಅಂತಲೂ ಕೇಳಿ. ನನ್ನ ಉಳಿತಾಯದ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಒಂಬತ್ತು ತಿಂಗಳಾದರೂ ನಡೆದದ್ದು ಸಂಬಳದ ದಿನವೇ ಬ್ಯಾಂಕಿನಿಂದ ತಾನಾಗಿ ಕಟ್ಟಾಗುತ್ತಿದ್ದ ಕಾರಣ. ಬಸಳೆ ಚಪ್ಪರ ಚೆನ್ನಾಗಿ ಬಂದದ್ದಕ್ಕೆ ನನ್ನ ಶ್ರಮ ಅಂತ ಬರೆದುಕೊಂಡಿದ್ದೆ. ಅಮ್ಮ ಅದನ್ನು ಓದಿ, ನೀರು ಹಾಕಿದ್ದು ಯಾರು ಅಂತ ಕೇಳಿದರು.

ಈಗ ಮುಂದಿನದ್ದನ್ನು ಬರೆಯುವ ಹೊತ್ತು. ಇಲ್ಲಿ ಎಲ್ಲರೂ ಎಡವುವುದು ಸಮಯದ ಅಂದಾಜಿನಲ್ಲಿ. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಅನ್ನುವ ಮನಃಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು, ಪ್ಲಾನಿಂಗ್ ಫ್ಯಾಲಸಿ ಅಂತ, ಅಂದರೆ ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದುಕೊಳ್ಳುವ ತಪ್ಪು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಅಂದಾಜು 33.9 ದಿನ, ನಿಜವಾಗಿ ಹಿಡಿದದ್ದು 55.5 ದಿನ. ‘ಎಲ್ಲ ಕೆಟ್ಟರೆ ಎಷ್ಟು’ ಅಂತ ಕೇಳಿ ಪಡೆದ ಅಂದಾಜನ್ನೂ ಅದು ದಾಟಿತ್ತು. ಹಾಗಾಗಿ ಹೊಸದಾಗಿ ಯೋಚಿಸಿ ಅಂದಾಜು ಮಾಡುವ ಬದಲು ಹಳೆಯದನ್ನು ನೋಡಿ. ಮನೆಯ ಜಾಗದ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಲು ಎರಡು ಭಾನುವಾರ ಸಾಕು ಅಂದುಕೊಂಡಿದ್ದೆ, ಐದು ಹಿಡಿಯಿತು. ಮೂರು ತಿಂಗಳಲ್ಲಿ ಮುಗಿಸುತ್ತೇನೆ ಅಂದ ಜಿಎಸ್‌ಟಿ ಕೋರ್ಸು ಏಳು ತಿಂಗಳಾಯಿತು. ಅಂದರೆ ನಾನು ಹೇಳಿದ್ದಕ್ಕೆ ಹೆಚ್ಚುಕಡಿಮೆ ಎರಡೂವರೆ ಪಾಲು. ಈಗ ಏನೇ ಅಂದಾಜು ಮಾಡಿದರೂ ಎರಡೂವರೆಯಿಂದ ಗುಣಿಸಿಯೇ ಬರೆಯುತ್ತೇನೆ. ನಿಮ್ಮ ಪಾಲು ಎಷ್ಟು ಅಂತ ನಿಮ್ಮ ಹಳೇ ಎರಡು ಮೂರು ಕೆಲಸಗಳಿಂದ ತೆಗೆಯಿರಿ, ನನ್ನದನ್ನು ತೆಗೆದುಕೊಳ್ಳಬೇಡಿ.

ಕೆಲವು ಗುರಿಗಳು ನಿಲ್ಲುವುದೇ ಇಲ್ಲ, ಯಾಕೆಂದರೆ ಶುರುವೇ ಆಗಿರುವುದಿಲ್ಲ. ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುವುದು ಅಂತ ಎರಡು ವರ್ಷ ಬರೆದಿದ್ದೆ. ರಜೆ ಸಿಕ್ಕಿದಾಗ ರೈಲಿನಲ್ಲಿ ಜಾಗ ಇಲ್ಲ. ಇಂಥದ್ದಕ್ಕೆ ನಮ್ಮ ಉಡುಪಿ ಪರ್ಯಾಯವನ್ನು ನೋಡಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪೂಜೆಯ ಅಧಿಕಾರ ಅಷ್ಟ ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ಬಾಳೆ ಮುಹೂರ್ತ ಆಗುವುದು ಒಂದು ವರ್ಷಕ್ಕೂ ಮೊದಲು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತದ ಮುಹೂರ್ತ. ಸಾವಿರಾರು ಜನರ ಊಟಕ್ಕೆ ಎಲೆ ಬೇಕಾದರೆ ಬಾಳೆ ಈಗಲೇ ನೆಡಬೇಕು, ಹಿಂದಿನ ವಾರ ನೆಟ್ಟರೆ ಎಲೆ ಬರುತ್ತದಾ? ನಿಮ್ಮ ಗುರಿಯಲ್ಲೂ ಬಾಳೆ ಯಾವುದು ಅಂತ ಹುಡುಕಿ, ಅಂದರೆ ಎಲ್ಲಕ್ಕಿಂತ ನಿಧಾನ ಆಗುವ ಕೆಲಸ. ಕಾಶಿಗೆ ಅದು ಟಿಕೆಟು. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. ಅಮ್ಮನಿಗೆ ಹಿತವಾದ ಹವೆ ಫೆಬ್ರವರಿ ಮೊದಲ ವಾರ ಅಂತ ಇಟ್ಟುಕೊಂಡರೆ ಡಿಸೆಂಬರ್ ಮೊದಲ ವಾರ ಟಿಕೆಟು, ಅದಕ್ಕೂ ಮೊದಲು ನವೆಂಬರಿನಲ್ಲಿ ಆಫೀಸಿನಲ್ಲಿ ರಜೆ ಕೇಳುವುದು. ನಾನು ಕ್ಯಾಲೆಂಡರಿನಲ್ಲಿ ‘ಕಾಶಿ’ ಅಂತ ಬರೆದದ್ದು ನವೆಂಬರ್ ಹತ್ತಕ್ಕೆ. ಹೋಗಿ ಬಂದೆವು.

ಒಂದು ವರ್ಷಕ್ಕೆ ಮೂರಕ್ಕಿಂತ ಜಾಸ್ತಿ ಗುರಿ ಬೇಡ, ಇದು ನನ್ನ ಅಭಿಪ್ರಾಯ. ಮತ್ತೆ 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅನ್ನುವ ಮಾತನ್ನು ನಂಬಿಕೊಂಡು ಇಪ್ಪತ್ತೆರಡನೇ ದಿನ ಬೇಸರ ಮಾಡಿಕೊಳ್ಳಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನೋಡಿದಾಗ ಒಂದು ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿದಿತ್ತು, ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. ನನ್ನ ವಾಕಿಂಗ್ ಅಭ್ಯಾಸ ಆಗುವ ಹೊತ್ತಿಗೆ ಸರಿಯಾಗಿ ಮಾರ್ಚ್ ಬಂದು ಕೂರುತ್ತಿತ್ತು ಅಂತ ಇದನ್ನು ಓದಿದ ಮೇಲೆ ಹೊಳೆಯಿತು. ಹೋದ ಸಲ ನವರಾತ್ರಿ ಮುಗಿದ ಮೇಲೆ, ಮಳೆ ಹಿಂದೆ ಸರಿದಾಗ ಶುರು ಮಾಡಿದೆ. ಮಾರ್ಚ್ ಇಡೀ ತಿಂಗಳು ರಜೆ ಅಂತ ಮೊದಲೇ ಕೆಂಪು ಪೆನ್ನಿನಲ್ಲಿ ಬರೆದೆ. ಏಪ್ರಿಲಿನಲ್ಲಿ ಮತ್ತೆ ಹೋದೆ, ವಾರಕ್ಕೆ ಮೂರೇ ದಿನ, ಅದೂ ಐದೂವರೆಗಲ್ಲ, ಆರೂಕಾಲಿಗೆ. ಇಷ್ಟು ಸಾಕು ನನಗೆ.

ನೋಡುವ ದಿನಗಳನ್ನೂ ಈಗಲೇ ಗುರುತು ಹಾಕಿ. ನಾನು ದೀಪಾವಳಿ, ಏಪ್ರಿಲಿನಲ್ಲಿ ಬರುವ ತುಳು ಹೊಸ ವರ್ಷ ಬಿಸು ಮತ್ತು ಆಟಿ ಅಮಾವಾಸ್ಯೆ ಇಟ್ಟುಕೊಂಡಿದ್ದೇನೆ. ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿದ ಬಾಯಿಗೆ ಬೇರೆ ಯಾವ ಕಹಿಯೂ ಅಷ್ಟು ಕಹಿ ಅನಿಸುವುದಿಲ್ಲ, ಹಳೇ ಪಟ್ಟಿ ತೆರೆಯಲು ಒಳ್ಳೆಯ ಹೊತ್ತು.

ಇನ್ನೊಂದು ಮಾತು, ಡಿಸೆಂಬರಿನಲ್ಲಿ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಹಳೆಯದನ್ನು ಯಾರಿಗೂ ಕೊಡಬೇಡಿ, ಆ ಕಾಗದ ದಪ್ಪ, ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಚೆನ್ನಾಗಿರುತ್ತದೆ ಅಂತ ಮನೆಯಲ್ಲಿ ಎಲ್ಲರ ಕಣ್ಣು ಅದರ ಮೇಲೆಯೇ. ನನ್ನ ಒಂದು ಇಡೀ ಫೆಬ್ರವರಿ, ಟಿಕ್ ಮಾರ್ಕ್ ಸಮೇತ, ಈಗಲೂ ಅಕ್ಕನ ಮಗಳ ಸಮಾಜ ಪುಸ್ತಕದ ಮೇಲೆ ಉಂಟು.