ಮನೆಗೆ ಕಲ್ಲು ಆರಿಸುವಾಗ ಸಹಜ ವಿಕಿರಣವನ್ನು ಲೆಕ್ಕ ಹಾಕುವ ಬಗೆ

ಗ್ರಾನೈಟ್, ಇಟ್ಟಿಗೆ, ಸಿಮೆಂಟುಗಳಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ ಸರಣಿಯ ಧಾತುಗಳೂ ಪೊಟ್ಯಾಸಿಯಂ-40 ಕೂಡ ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತವೆ. ಇಳಕಲ್ಲಿನ ಕೆಂಪು ಕಲ್ಲಿನಂತಹ ನಿಜವಾದ ಗ್ರಾನೈಟ್‌ಗಳಲ್ಲಿ ಇವು ಸಾಮಾನ್ಯವಾಗಿ ಹೆಚ್ಚು. ಚಾಮರಾಜನಗರದ 'ಕಪ್ಪು ಗ್ರಾನೈಟ್' ವಾಸ್ತವದಲ್ಲಿ ಡಾಲರೈಟ್ ಎಂಬ ಬೇರೆ ಬಗೆಯ ಶಿಲೆಯಾದ್ದರಿಂದ ಅದರಲ್ಲಿ ಕಡಿಮೆ.

ಸಂದೇಹವಿದ್ದಲ್ಲಿ ಮಾದರಿಯನ್ನು ಗಾಮಾ ಕಿರಣಗಳನ್ನು ಅಳೆಯುವ ಪರೀಕ್ಷೆಗೆ ಒಪ್ಪಿಸಿ, ಪ್ರತಿ ಕಿಲೋಗ್ರಾಂಗೆ ಇಷ್ಟು ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ವಿಘಟನೆಯ ಅಳತೆ) ಎಂದು ದೊರೆತ, ಯುರೇನಿಯಂ ಸರಣಿಯ ರೇಡಿಯಂ-226ರ ಅಂಕಿಯನ್ನು 300ರಿಂದ, ಥೋರಿಯಂ-232ರ ಅಂಕಿಯನ್ನು 200ರಿಂದ, ಪೊಟ್ಯಾಸಿಯಂ-40ರ ಅಂಕಿಯನ್ನು 3000ದಿಂದ ಭಾಗಿಸಿ, ಬಂದ ಮೂರನ್ನೂ ಕೂಡಿಸಬೇಕು. ಕ್ರಮವಾಗಿ 60, 100, 1200 ಬಂದಿದ್ದರೆ ಮೊತ್ತ 1.1 ಆಗುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಈ ಸೂಚ್ಯಂಕವು ಇಡೀ ಗೋಡೆಯ ಸಾಮಗ್ರಿಗೆ 1ನ್ನು ಮೀರಬಾರದು. ಆದರೆ ತೆಳುವಾದ ನೆಲಹಾಸಿನ ಕಲ್ಲಿನ ಒಟ್ಟು ತೂಕವೇ ಕಡಿಮೆಯಾದ್ದರಿಂದ, ಇದೇ 1.1ಕ್ಕೆ ಹೆದರಿ ಅದನ್ನು ತಿರಸ್ಕರಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಚ್ಚು ಗಮನ ಬೇಕಿರುವುದು ರೇಡಿಯಂ ವಿಘಟನೆಯಿಂದ ಹುಟ್ಟುವ ವಿಕಿರಣಶೀಲ ರೇಡಾನ್ ಅನಿಲಕ್ಕೆ. ಅದು ಬಹುಪಾಲು ತಳಪಾಯದ ಮಣ್ಣಿನಿಂದಲೇ ಏರಿ ಬರುವುದರಿಂದ ನೆಲದ ಬಿರುಕುಗಳನ್ನು ಮುಚ್ಚಿಸಿ, ಕಿಟಕಿಗಳನ್ನು ದಿನವೂ ತೆರೆದಿಡಿ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನ ಮೀಟರಿಗೆ 100 ಬೆಕೆರೆಲ್.