ಗುಜರಿ ಟಿವಿಗೆ ಚೈನಾ ಕಿಟ್, ಕೈಗೆ ಗನ್: ನನ್ನ ಅನುಭವ

ಹಳೇ ವಿಡಿಯೋ ಗೇಮ್ ಆಡುವ ನಮ್ಮ ರೆಟ್ರೋ ಬಳಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಒಬ್ಬರು ಪ್ಲೇಸ್ಟೇಷನ್ 1ರ ಆರ್‌ಪಿಜಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಇನ್ನೊಬ್ಬರು ಸೆಗಾ ಮೆಗಾ ಡ್ರೈವ್‌ನ ಸೌಂಡ್ ಚಿಪ್ ಬಗ್ಗೆ ರಾತ್ರಿಯಿಡೀ ಮಾತಾಡುತ್ತಾರೆ. ನನ್ನದು ಗನ್ ಗೇಮ್, ಅಂದರೆ ಪ್ಲಾಸ್ಟಿಕ್ ಗನ್ ಹಿಡಿದು ಟಿವಿ ಪರದೆಗೆ ಗುರಿಯಿಟ್ಟು ಹೊಡೆಯುವ ಆಟ. ಡಕ್ ಹಂಟ್, ಹೋಗನ್ಸ್ ಆಲಿ, ವೈಲ್ಡ್ ಗನ್‌ಮ್ಯಾನ್. ಬಳಗದಲ್ಲಿ ಇದಕ್ಕೆ ಮರ್ಯಾದೆ ಕಮ್ಮಿ. ಕಾರಣ ಸರಳ, ಯಾರ ಮನೆಯಲ್ಲೂ ಈಗ ಪಿಕ್ಚರ್ ಟ್ಯೂಬಿನ ಡಬ್ಬ ಟಿವಿ ಇಲ್ಲ.

ಎಲ್‌ಇಡಿ ಟಿವಿಯಲ್ಲಿ ಗನ್ ಯಾಕೆ ನಡೆಯಲ್ಲ ಅಂತ ನಿಮಗೆ ಗೊತ್ತೇ ಇದೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಫ್ರೇಮ್ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ. ಆ ಕ್ಷಣದಲ್ಲೇ ಗನ್‌ನ ಸೆನ್ಸರ್‌ಗೆ ಬೆಳಕು ಸಿಗಬೇಕು. ಹೊಸ ಟಿವಿ ತಡಮಾಡಿ ತೋರಿಸುತ್ತದೆ, ಮುಗೀತು. ಚಿಕ್ಕವರಿದ್ದಾಗ ಬಲ್ಬಿಗೆ ಗುರಿಯಿಟ್ಟರೆ ಎಲ್ಲಾ ಬಾತುಕೋಳಿ ಬೀಳುತ್ತವೆ ಅಂತ ಪುಕಾರು ಇತ್ತಲ್ವಾ? ಸುಳ್ಳು. ಕಪ್ಪು ಫ್ರೇಮಿನಲ್ಲಿ ಬೆಳಕು ಕಂಡರೆ ಗೇಮ್ ಅದನ್ನು ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ.

ನನ್ನ ಯೋಚನೆ ಇಷ್ಟೇ: ಗುಜರಿಯಿಂದ 21 ಇಂಚಿನ ಟಿವಿ ತರುವುದು, ಸತ್ತ ಬೋರ್ಡ್ ಕಿತ್ತು ಚೈನಾ ಕಿಟ್, ಅಂದರೆ ರೆಡಿಮೇಡ್ ಟಿವಿ ಬೋರ್ಡ್, ಕೂರಿಸುವುದು. ಬಳಗದಲ್ಲಿ ಎಲ್ಲರೂ ನಕ್ಕರು. "ಕಿಟ್ ಬೋರ್ಡಿನ ಪಿಕ್ಚರ್ ನೋಡೋಕಾಗಲ್ಲ ಗುರು, ಒಳ್ಳೆ ಟ್ರಿನಿಟ್ರಾನ್ ಹುಡುಕು" ಅಂದರು. ಟ್ರಿನಿಟ್ರಾನ್ ಅಂದರೆ ಸೋನಿಯ ಟ್ಯೂಬ್ ಟಿವಿ, ಅದಕ್ಕೆ ಅವರು ಹೇಳಿದ ರೇಟು ಕೇಳಿದರೆ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತದೆ. ತುಮಕೂರಿನಲ್ಲಿ ನಮ್ಮ ಏರಿಯಾದ ಟಿವಿ ಮೆಕ್ಯಾನಿಕ್ ಅಂತೂ ಇನ್ನೂ ಖಡಕ್.

"ಸಾರ್, ಇದನ್ನ ತೂಕಕ್ಕೆ ಹಾಕಿ ಎಲ್‌ಇಡಿ ತಗೊಳ್ಳಿ. ಸುಮ್ನೆ ಯಾಕೆ?"

"ನೀವು ಪಕ್ಕದಲ್ಲಿ ಕೂತಿರಿ ಸಾಕು ಅಣ್ಣ. ಕೈ ನಾನೇ ಹಾಕ್ತೀನಿ."

ಮೊದಲ ಟಿವಿ ಮುನ್ನೂರು ರೂಪಾಯಿ. ಟ್ಯೂಬ್ ವೀಕು. ಆನ್ ಮಾಡಿ ಹತ್ತು ನಿಮಿಷ ಆದ ಮೇಲೂ ಮುಖಗಳು ಮಣ್ಣಿನ ಬಣ್ಣ. ಮುನ್ನೂರು ಹೋಯಿತು. ಎರಡನೆಯದಕ್ಕೆ ಐನೂರು ಕೊಟ್ಟೆ, ಟ್ಯೂಬ್ ಒಳ್ಳೆಯದಿತ್ತು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಿಟ್ ತಂದೆ, ಸುಮಾರು ಎಂಟುನೂರು. ಇಡೀ ಬೀದಿ ಅಲೆದರೂ ಕಿಟ್ ಇಟ್ಟವರು ಒಂದಿಬ್ಬರೇ. ಯಾವ ಅಂಗಡಿ ಅಂತ ಹೇಳಲ್ಲ, ಅಲ್ಲಿ ಉಳಿದಿರುವುದೇ ಸ್ವಲ್ಪ. ನನಗೆ ಇನ್ನೂ ಎರಡು ಬೇಕು.

ಕಿಟ್ ಹಾಕಿದ ದಿನವೇ ಲೈನ್ ಟ್ರಾನ್ಸಿಸ್ಟರ್ ಹಾರಿತು. ಬದಲಿಸಿದೆ, ಮತ್ತೆ ಹಾರಿತು. ಆ ಡಿ1555 ಟ್ರಾನ್ಸಿಸ್ಟರ್ ಏನು ದುಬಾರಿಯಲ್ಲ, ಆದರೆ ನಲವತ್ತು ನಲವತ್ತು ಅಂತ ಹೋಗುತ್ತಾ ಇದ್ದರೆ ಹೊಟ್ಟೆ ಉರಿಯುತ್ತದೆ. ಆಮೇಲಿಂದ ಟಿವಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಸೀರೀಸ್ ಬಲ್ಬ್ ಇಲ್ಲದೆ ಆನ್ ಮಾಡಲೇ ಇಲ್ಲ. 100 ವ್ಯಾಟಿನ ಹಳೇ ಬಲ್ಬು. ಬೋರ್ಡ್ ಸರಿ ಇದ್ದರೆ ಒಮ್ಮೆ ಜೋರಾಗಿ ಹತ್ತಿ, ಹಾಗೇ ಮಂಕಾಗಿ ಕೆಂಪಗೆ ನಿಲ್ಲುತ್ತದೆ. ಶಾರ್ಟ್ ಇದ್ದರೆ ಇಳಿಯುವುದೇ ಇಲ್ಲ, ಪೂರಾ ಬೆಳಕು. ನಮ್ಮದು ಇಳಿಯಲೇ ಇಲ್ಲ. ಕೊನೆಗೆ ನೋಡಿದರೆ ಗ್ರಹಚಾರ ಇದ್ದದ್ದು ಯೋಕ್‌ನಲ್ಲಿ, ಅಂದರೆ ಚಿತ್ರವನ್ನು ಪರದೆ ತುಂಬ ಹರಡುವ ಕಾಯಿಲ್‌ಗಳಲ್ಲಿ. ಹಾರಿಜಾಂಟಲ್ ಕಾಯಿಲ್‌ನ ಒಂದು ಸುತ್ತಿನ ವಾರ್ನಿಶ್ ಸುಟ್ಟು ಪಕ್ಕದ ತಂತಿಗೆ ತಾಗಿತ್ತು. ಮೊದಲ ಟಿವಿಯ ಯೋಕ್ ಎಸೆದಿರಲಿಲ್ಲ, ಅದನ್ನೇ ತಂದು ಈ ಟ್ಯೂಬಿನ ಕತ್ತಿಗೆ ಹಾಕಿದೆ. ಮುನ್ನೂರು ರೂಪಾಯಿ ವಾಪಸ್ ಬಂದ ಹಾಗಾಯಿತು. ಮೆಕ್ಯಾನಿಕ್ ಅಣ್ಣ ಆವತ್ತು ಮೊದಲ ಸಲ ತಾನೇ ಚಹಾ ತರಿಸಿದರು.

ಪಿಕ್ಚರ್ ಬಂತು, ಆದರೆ ಎರಡೂ ಪಕ್ಕ ಕಪ್ಪು ಪಟ್ಟಿ. ವಿಡ್ತ್ ಸಾಲದು. ಇಲ್ಲಿ ಬಹಳ ಜನ ಬೂಸ್ಟರ್ ಕೆಪಾಸಿಟರ್ ಬದಲಿಸುತ್ತಾರೆ. ವಿಡ್ತ್ ಬರುತ್ತದೆ, ಜೊತೆಗೆ ಇಎಚ್‌ಟಿಯೂ (ಟ್ಯೂಬಿಗೆ ಹೋಗುವ ಹೈ ವೋಲ್ಟೇಜ್) ಏರುಪೇರಾಗುತ್ತದೆ. ದಯವಿಟ್ಟು ಬೇಡ. ನಾನು ಯೋಕ್ ಜೊತೆಗೆ ಸೀರೀಸ್‌ನಲ್ಲಿರುವ ಎಸ್ ಕೆಪಾಸಿಟರ್ ಕಡೆ ಹೋದೆ. ಯಾವ ವ್ಯಾಲ್ಯೂ ಅಂತ ಕೇಳಬೇಡಿ, ನನ್ನ ಯೋಕ್‌ಗೆ ಕೂತದ್ದು ನಿಮ್ಮದಕ್ಕೆ ಕೂರಲ್ಲ. ಆನೋಡ್ ಕ್ಯಾಪ್ (ಟ್ಯೂಬಿಗೆ ಹೈ ವೋಲ್ಟೇಜ್ ಹೋಗುವ ಜಾಗ) ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಹಾಕಬಾರದು ಅಂತ ಗೊತ್ತಿದ್ದವರು ಮಾತ್ರ ಇದಕ್ಕೆ ಇಳಿಯಿರಿ.

ಇಷ್ಟು ಮಾಡಿ ನಮ್ಮ ತೊಂಬತ್ತರ ದಶಕದ ಕ್ಲೋನ್ ಸೆಟ್, ಅಂದರೆ ನಿಂಟೆಂಡೋದ ನಕಲು, ಹಚ್ಚಿದೆ. ಅದೇ ಸಮುರಾಯ್, ಮೀಡಿಯಾ ಕಾಲದ್ದು, ಒಂದೇ ನಾಲ್ಕೈದು ಗೇಮನ್ನು ಸಾವಿರ ಸಲ ಬರೆದು 9999 ಇನ್ 1 ಅಂತ ಮಾರುತ್ತಿದ್ದ ಕ್ಯಾಸೆಟ್ ಜೊತೆಗೆ. ಗುರಿಯಿಟ್ಟೆ. ಗುರಿ ತಪ್ಪಿದರೆ ನಗುವ ಡಕ್ ಹಂಟ್‌ನ ನಾಯಿ ನಕ್ಕಿತು. ಮತ್ತೆ ಹೊಡೆದೆ, ಮತ್ತೆ ನಾಯಿ. ಬಳಗಕ್ಕೆ ವಿಡಿಯೋ ಕಳಿಸಿದ್ದೇ ತಡ, ಅವರೂ ನಾಯಿ ಜೊತೆ ಸೇರಿಕೊಂಡರು.

ತಪ್ಪು ಟಿವಿಯದ್ದಲ್ಲ, ಗನ್‌ದು. ಬಿಚ್ಚಿದರೆ ಒಂದು ಲೆನ್ಸು, ಹಿಂದೆ ಫೋಟೊ ಟ್ರಾನ್ಸಿಸ್ಟರ್, ಹೆಬ್ಬೆರಳಷ್ಟು ಬೋರ್ಡು. ಲೆನ್ಸಿನ ಒಳಮೈಗೆ ಮೂವತ್ತು ವರ್ಷದ ಮಂಜು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿದೆ. ಸ್ವಲ್ಪ ಸುಧಾರಿಸಿತು, ಹತ್ತರಲ್ಲಿ ನಾಲ್ಕು ಬಿತ್ತು. ಮಿಕ್ಕ ಆರಕ್ಕೆ ಎರಡು ಕೆಲಸ ಮಾಡಿದೆ. ಒಂದು, ಕಿಟ್‌ನ ಸರ್ವಿಸ್ ಮೆನುಗೆ ಹೋಗಿ ಕಾಂಟ್ರಾಸ್ಟ್ ಮಿತಿ ಏರಿಸಿದ್ದು. ಇನ್ನೊಂದು ನಳಿಗೆಯ ಒಳಗೆ ಸೆನ್ಸರ್ ಕೂರುವ ಜಾಗದ್ದು. ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ತೋರಿಸುತ್ತೇನೆ, ಕಾಫಿ ನಿಮ್ಮ ಖರ್ಚು. ಈಗ ಆರೇಳು ಅಡಿ ದೂರದಿಂದ ಹತ್ತಕ್ಕೆ ಹತ್ತು. ನನ್ನ ತಂಗಿ ಮಗಳು ಎರಡನೇ ಕಂಟ್ರೋಲರ್ ಹಿಡಿದು ಬಾತುಕೋಳಿ ಓಡಿಸಿದರೆ ಮಾತ್ರ ಎಂಟು. ಗೇಮ್ ಎ ಮೋಡಿನಲ್ಲಿ ಹಾಗೆ ಓಡಿಸಬಹುದು ಅಂತ ಬಳಗದಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಕಿಟ್‌ನಿಂದ ಇನ್ನೊಂದು ಲಾಭ ಆಯಿತು. ನನ್ನ ಹತ್ತಿರ ಜಪಾನಿನಿಂದ ತರಿಸಿದ 1983ರ ಮಾದರಿಯ ನಿಂಟೆಂಡೋದ ಅಸಲಿ ಗೇಮ್ ಸೆಟ್ ಫ್ಯಾಮಿಕಾಮ್ ಇದೆ. ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ ಎಂಟು ಸಾವಿರದ ಹತ್ತಿರ ಬಿದ್ದಿತ್ತು. ಅದರಲ್ಲಿ ಬರೀ ಆರ್‌ಎಫ್ (ಟಿವಿಯ ಆಂಟೆನಾ ಸಾಕೆಟ್‌ಗೆ ಹೋಗುವ ವೈರು), ಅದೂ ಜಪಾನಿನ ಎನ್‌ಟಿಎಸ್‌ಸಿ, ನಮ್ಮ ಪಾಲ್ ಪದ್ಧತಿಯ ಸಿಗ್ನಲ್ ಅಲ್ಲ. ಪಿಪಿಯು ಅನ್ನುವ ಚಿತ್ರದ ಚಿಪ್‌ನ 21ನೇ ಪಿನ್‌ನಿಂದ ವಿಡಿಯೋ ತೆಗೆದು, ಒಂದು ಟ್ರಾನ್ಸಿಸ್ಟರ್ ಹಾಕಿ ಎವಿ ಮಾಡಿಕೊಂಡಿದ್ದೆ. ಆದರೂ ಮನೆಯ ಹಳೇ ಪಾಲ್ ಟಿವಿಯಲ್ಲಿ ಮಾರಿಯೋ ಕಪ್ಪು ಬಿಳುಪು. ಚೈನಾ ಕಿಟ್ ಎರಡನ್ನೂ ಒಪ್ಪಿಕೊಂಡಿತು. ಎವಿ ಚುಚ್ಚಿದ ಕೂಡಲೇ ಬಣ್ಣ! 60 ಹರ್ಟ್ಸ್‌ನಲ್ಲಿ ಮಾರಿಯೋ ಸಂಗೀತ ಕೇಳಿ ಒಂದು ಕ್ಷಣ ಯಾರೋ ಓಡಿಸುತ್ತಿದ್ದಾರೆ ಅನ್ನಿಸಿತು. ನಾವು ಬೆಳೆದದ್ದು 50 ಹರ್ಟ್ಸ್‌ನ ನಿಧಾನದ ಹಾಡು ಕೇಳಿಕೊಂಡು. ಪರದೆ ಮೇಲೆ ಜೈಲು ಕಂಬಿಯ ಥರ ಗೆರೆ ಬರುತ್ತಿದ್ದರೆ 21ನೇ ಪಿನ್ನನ್ನು ಬೋರ್ಡಿನಿಂದ ಎತ್ತಿ ನೋಡಿ. ಮತ್ತೆ ಅಡಾಪ್ಟರ್: ಜಪಾನಿನದು 100 ವೋಲ್ಟಿನದು, ನಮ್ಮ ಸಾಕೆಟ್‌ಗೆ ಚುಚ್ಚಿದರೆ ಹೊಗೆ. ಇಲ್ಲಿಯ 9 ವೋಲ್ಟ್ ಸಾಕು, ಆದರೆ ನಡುವಿನ ಪಿನ್ ನೆಗೆಟಿವ್ ಇರಬೇಕು.

ನಡುವೆ ಒಂದು ಫ್ಲಾಟ್ ಟ್ಯೂಬಿನ 100 ಹರ್ಟ್ಸ್ ಟಿವಿಗೂ ಎರಡು ಸಾವಿರ ಸುರಿದೆ. ನೋಡಲು ಸೊಗಸು. ಆದರೆ ಅದು ಫ್ರೇಮನ್ನು ಒಳಗೆ ಇಟ್ಟುಕೊಂಡು ಎರಡು ಸಲ ತೋರಿಸುವ ಜಾತಿ, ಗನ್ ಪೂರ್ತಿ ಕುರುಡು. ಮಾರಿದಾಗ ಸಾವಿರದ ಇನ್ನೂರು ಬಂತು. ಪ್ಲೇಸ್ಟೇಷನ್‌ನ ಗನ್‌ಕಾನ್ ಕೂಡ ಕಿಟ್ ಟಿವಿಯಲ್ಲಿ ನೋಡಿದೆ. ಅದು ವಿಡಿಯೋ ವೈರಿನಿಂದಲೇ ಸಿಂಕ್ ತಗೊಂಡು ಗುರಿ ಎಲ್ಲಿದೆ ಅಂತ ಲೆಕ್ಕ ಹಾಕುವ ಗನ್. ಟೈಮ್ ಕ್ರೈಸಿಸ್ ಮೊದಲ ದಿನವೇ ನಡೆಯಿತು, ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಹೊಸ ಕ್ಯಾಮೆರಾ ಗನ್ ತಗೋ, ಎಲ್‌ಇಡಿಯಲ್ಲೇ ಆಡು ಅಂತ ಈಗಲೂ ಹೇಳುತ್ತಾರೆ. ಅದು ಕಂಪ್ಯೂಟರಿನಲ್ಲಿ ಹಳೇ ಗೇಮ್ ನಡೆಸುವ ಎಮ್ಯುಲೇಟರ್‌ಗೆ ಸರಿ. ಫ್ಯಾಮಿಕಾಮ್ ರೂಪಿಸಿದ ಮಸಾಯುಕಿ ಉಎಮುರಾ ನಿಂಟೆಂಡೋಗೆ ಬರುವ ಮುಂಚೆ ಶಾರ್ಪ್‌ನಲ್ಲಿ ಸೋಲಾರ್ ಸೆಲ್ ಕೆಲಸದಲ್ಲಿದ್ದವರು. ಬೆಳಕು ಹಿಡಿಯುವ ಆ ಸೆಲ್‌ಗಳಿಂದಲೇ ನಿಂಟೆಂಡೋದ ಗನ್ ಆಟಿಕೆಗಳು ಹುಟ್ಟಿದ್ದು. ನನಗೆ ಬೇಕಾದದ್ದು ಆ ಹಳೇ ಗನ್, ಅದರ ಸ್ಪ್ರಿಂಗಿನ ಟಣ್ ಅನ್ನುವ ಸದ್ದು.

ಒಟ್ಟು ಖರ್ಚು, ಫ್ಯಾಮಿಕಾಮ್ ಬಿಟ್ಟು, ಹೆಚ್ಚೂಕಮ್ಮಿ ಎರಡೂವರೆ ಸಾವಿರ. ಫ್ಲಾಟ್ ಟಿವಿಯ ನಷ್ಟ ಸೇರಿಸಿದರೆ ಮೂರು ದಾಟುತ್ತದೆ, ಅದನ್ನು ಮನೆಯವಳಿಗೆ ಹೇಳಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಗುಜರಿ ಅಂಗಡಿ ಸುತ್ತುತ್ತಿದ್ದಾರೆ, ಒಬ್ಬರಿಗೆ ನಾನೇ ಟ್ಯೂಬ್ ನೋಡಿಕೊಟ್ಟೆ. 29 ಇಂಚಿಗೂ ಕೈ ಹಾಕುವ ಆಸೆ ಇದೆ. ಆದರೆ ಅದನ್ನು ಮೂರನೇ ಮಹಡಿಗೆ ಹೊರಲು ಇಬ್ಬರು ಬೇಕು, ಮೆಕ್ಯಾನಿಕ್ ಅಣ್ಣ ಆಗಲೇ ಸೊಂಟ ನೋವು ಅಂತ ಶುರು ಮಾಡಿದ್ದಾರೆ.