ಗ್ಯಾಸ್ ಮಾತ್ರೆಗೊಂದು ಕಾರಣ

ಬೇಲೂರು ಕಡೆಯ ಅಜ್ಜಿಯೊಬ್ಬರು ಕೈಕಾಲು ಸೆಡೆತ ಅಂತ ಹಾಸನದ ನಮ್ಮ ವಾರ್ಡಿಗೆ ಸೇರಿದರು. ರಕ್ತದಲ್ಲಿ ಮೆಗ್ನೀಷಿಯಂ ತೀರಾ ಕಡಿಮೆ ಇತ್ತು. ಡ್ರಿಪ್‌ನಲ್ಲಿ ಕೊಟ್ಟೆವು, ಏರಿತು. ನಾಲ್ಕು ದಿನಕ್ಕೆ ಮತ್ತೆ ಇಳಿಯಿತು. ಮನೆಯಲ್ಲಿರೋ ಮಾತ್ರೆಗಳನ್ನೆಲ್ಲ ತರಲು ಮಗಳಿಗೆ ಹೇಳಿದೆ. ಕವರಿನಲ್ಲಿ ಬಿಪಿಗೆ ಕೊಟ್ಟಿದ್ದ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇತ್ತು. ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್ 40.

"ಇದು ಎಷ್ಟು ದಿನದಿಂದ ಅಜ್ಜಿ?"

"ಮೂರು ವರ್ಷದ ಹಿಂದೆ ಜ್ವರ ಬಂದು ಇಲ್ಲೇ ಮಲಗಿದ್ನಲ್ಲ, ಆಗಿಂದ. ನೀವೇ ಬರ್ಕೊಟ್ಟಿದ್ದು ಸಾರ್."

ಹಳೇ ಡಿಸ್ಚಾರ್ಜ್ ಕಾರ್ಡಿನಲ್ಲಿ ನನ್ನದೇ ಅಕ್ಷರ. ಎಷ್ಟು ದಿನ ಅಂತ ಬರೆದೇ ಇರಲಿಲ್ಲ. ಈ ಎರಡೂ ಮಾತ್ರೆ ಮೆಗ್ನೀಷಿಯಂ ಇಳಿಸಬಲ್ಲವು. ಗ್ಯಾಸ್ ಮಾತ್ರೆ ನಿಲ್ಲಿಸಿ, ಬಿಪಿ ಮಾತ್ರೆ ಬದಲಿಸಿದ ಮೇಲೆ ಮೆಗ್ನೀಷಿಯಂ ಮತ್ತೆ ಇಳಿಯಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ರೌಂಡ್ಸ್‌ನಲ್ಲಿ ಪ್ರತಿ ಕೇಸ್ ಶೀಟ್ ಹಿಡಿದು, ಈ ಗ್ಯಾಸ್ ಮಾತ್ರೆ ಏಕೆ ಅಂತ ಕೇಳುತ್ತಾ ಹೋದೆ. ಬಂದ ಉತ್ತರಗಳು: ಆಂಟಿಬಯಾಟಿಕ್ ಜೊತೆ ಇರಲಿ ಅಂತ. ಊಟ ಸರಿಯಾಗಿ ಮಾಡ್ತಿಲ್ಲ ಅಂತ. ಸುಮ್ನೆ. ಇವು ಯಾವುವೂ ಕಾರಣಗಳಲ್ಲ. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋದವರಿಗೆ, ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಎರಡು ಮಾತ್ರೆ ನುಂಗುವ ವಯಸ್ಸಾದವರಿಗೆ, ಐಸಿಯುನಲ್ಲಿ ಎರಡು ದಿನಕ್ಕಿಂತ ಜಾಸ್ತಿ ವೆಂಟಿಲೇಟರ್ ಮೇಲಿರುವವರಿಗೆ ಬೇಕೇ ಬೇಕು. ಬರೀ ಜ್ವರಕ್ಕೆ ಬೇಡ. ಅಂದಿನಿಂದ ಮಾತ್ರೆಯ ಹೆಸರಿನ ಪಕ್ಕ ಕಾರಣ ಬರೆಯದೆ ಸಹಿ ಹಾಕುವುದಿಲ್ಲ. ನುಂಗಲು ಆಗುವವರಿಗೆ ಇಂಜೆಕ್ಷನ್ ಬದಲು ಮಾತ್ರೆಯೇ ಸಾಕು, ಊಟಕ್ಕೆ ಅರ್ಧ ಗಂಟೆ ಮೊದಲು.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಬಹಳ ದಿನ ತೆಗೆದುಕೊಂಡವರಿಗೂ ಏಕಾಏಕಿ ನಿಲ್ಲಿಸಿಬಿಟ್ಟೆ. ವಾರದಲ್ಲೇ ಎದೆ ಉರಿ ಅಂತ ವಾಪಸ್ ಬಂದರು. ಇಷ್ಟು ದಿನ ತಡೆದಿಟ್ಟ ಆಮ್ಲ ಒಮ್ಮೆಲೇ ಜಾಸ್ತಿ ಉಕ್ಕುತ್ತದೆ. ಅದು ಹಳೇ ಕಾಯಿಲೆ ಮರಳಿದ್ದೇ ಆಗಬೇಕಿಲ್ಲ. ಈಗ ಮೊದಲೇ ಹೇಳುತ್ತೇನೆ: ಕೆಲವು ವಾರ ಉರಿಯಬಹುದು, ಹೆದರಬೇಡಿ. ದಿನ ಬಿಟ್ಟು ದಿನ ತಗೊಂಡು ನಿಧಾನಕ್ಕೆ ಬಿಡಿ.

ನನಗೆ ಜಾಸ್ತಿ ನೋವಾಗುವುದು ಇನ್ನೊಂದು ವಿಷಯಕ್ಕೆ. ನಿಜವಾಗಿ ಬೇಕಾದವರಿಗೇ ಈ ಮಾತ್ರೆ ಸಿಗುವುದಿಲ್ಲ. ಸಕಲೇಶಪುರದ ಕಾಫಿ ತೋಟದಲ್ಲಿ ದುಡಿಯುವ, ಎಪ್ಪತ್ತು ದಾಟಿದ ಒಬ್ಬರು ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದ್ದರು. ಹೊಟ್ಟೆಗೆ ಕಾವಲು ಏನೂ ಇಲ್ಲ. ಮಲ ಡಾಂಬರಿನ ಹಾಗೆ ಕಪ್ಪಗಾದ ಮೇಲೆ ನಮ್ಮಲ್ಲಿಗೆ ಬಂದರು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ನೋವಿನ ಮಾತ್ರೆ ಬಿಡಿಸಿದೆವು, ಎರಡು ಬಾಟಲಿ ರಕ್ತ ಕೊಟ್ಟೆವು.

ಅವರಿಗೆ ಗ್ಯಾಸ್ ಮಾತ್ರೆ 8 ವಾರ ಬರೆದೆ. ಕಾರ್ಡಿನಲ್ಲಿ ನಿಲ್ಲಿಸುವ ತಾರೀಖನ್ನೂ ದೊಡ್ಡದಾಗಿ ಬರೆದೆ. ಓದಲು ಬರಲ್ಲ ಸಾರ್ ಅಂದರು. ಲೆಕ್ಕ ಹಾಕಿದರೆ ಅದು ದೀಪಾವಳಿ ಹೊತ್ತಿಗೆ ಬರುತ್ತಿತ್ತು. "ಹಾಸನಾಂಬೆ ಗುಡಿ ಬಾಗಿಲು ಹಾಕ್ತಾರಲ್ಲ ಯಜಮಾನ್ರೇ, ಆವತ್ತು ನನ್ನ ಹತ್ರ ಬನ್ನಿ, ನಿಲ್ಲಿಸೋಣ" ಅಂದೆ. ಅದೇ ದಿನ ಬಂದರು.